ಅಲ್ಲ ಮೊದಲು, ಯಾಲಕ್ಕಿ ಕೊನೆಗೆ: ಮನೆಯ ಮಸಾಲೆ ಚಹಾ

ನಾಲ್ಕು ಕಪ್ ಚಹಾಕ್ಕೆ ನಾನು ಇಡುವ ಅಳತೆ ಇದು: ನೀರು 300 ಮಿ.ಲೀ., ಹಾಲು 300 ಮಿ.ಲೀ., ಚಹಾಪುಡಿ ಅಂಚಿಗೆ ಸಮ ಮಾಡಿ ನಾಲ್ಕು ಚಮಚ (ಸುಮಾರು 10 ಗ್ರಾಂ), ಸಕ್ಕರೆ ಐದಾರು ಚಮಚ, ಹಸಿ ಅಲ್ಲ 12 ಗ್ರಾಂ, ಮಸಾಲೆ ಪುಡಿ ಅರ್ಧ ಚಮಚ, ಯಾಲಕ್ಕಿ ನಾಲ್ಕು. ಅಲ್ಲ ಅಂದರೆ ಹಸಿ ಶುಂಠಿ, ನಮ್ಮ ಬಳ್ಳಾರಿ ಕಡೆ ಹಾಗೇ ಅನ್ನುವುದು. ಹನ್ನೆರಡು ಗ್ರಾಂ ಅಂದರೆ ಹೆಬ್ಬೆರಳಿನ ತುದಿಯ ಗಿಣ್ಣಿನಷ್ಟು ತುಂಡು. ಒಲೆಗೆ ಏರಿದ 600 ಮಿ.ಲೀ.ನಲ್ಲಿ ಕುದಿದು ಆವಿಯಾದದ್ದು, ಚರಟ ಹೀರಿಕೊಂಡದ್ದು ಕಳೆದು 480 ಮಿ.ಲೀ. ಉಳಿಯುತ್ತದೆ. ಕಪ್ಪಿಗೆ 120ರಂತೆ ನಾಲ್ಕು ಕಪ್.

ಈ ಅಳತೆಯಲ್ಲಿ ಒಂದರ್ಧ ಚಮಚ ಹೆಚ್ಚುಕಡಿಮೆ ಆದರೂ ಚಹಾ ನಡೆದೀತು. ಯಾವುದು ಯಾವಾಗ ಪಾತ್ರೆಗೆ ಬೀಳಬೇಕೋ ಆ ಸರದಿ ತಪ್ಪಿದರೆ ನಡೆಯುವುದಿಲ್ಲ. ಎಲ್ಲವನ್ನೂ ಒಟ್ಟಿಗೇ ಸುರಿದು ಒಲೆ ಹಚ್ಚಿದ ಚಹಾದಲ್ಲಿ ಅಲ್ಲದ ಖಾರ ಪೂರ್ತಿ ಬಿಟ್ಟಿರುವುದಿಲ್ಲ, ಯಾಲಕ್ಕಿಯ ಘಮ ಆವಿಯ ಜೊತೆ ಹೋಗಿರುತ್ತದೆ, ಪುಡಿಯ ಒಗರು ಮಾತ್ರ ನಾಲಿಗೆಗೆ ಅಂಟುತ್ತದೆ.

ಮೊದಲು ನೀರು. ಬಳ್ಳಾರಿ, ರಾಯಚೂರು, ಕೊಪ್ಪಳದ ಬಹಳ ಊರುಗಳಲ್ಲಿ ಬೋರಿನ ನೀರು ಗಡಸು. ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವಂಥ ನೀರಿನಲ್ಲಿ ಚಹಾ ಮಾಡಿದರೆ ಬಣ್ಣ ಕಪ್ಪಗೆ ಮಂಕಾಗುತ್ತದೆ, ಮೇಲೆ ಎಣ್ಣೆಯಂಥ ತೆಳು ಪದರ ತೇಲುತ್ತದೆ. ಪುಡಿ ಕಲಬೆರಕೆ ಅಂತ ಅಂಗಡಿಯವರನ್ನು ದೂರುವವರಿದ್ದಾರೆ. ಆದರೆ ನೀರಿನ ಸುಣ್ಣದಂಶ ಚಹಾದ ಒಗರಿನ ಅಂಶದೊಂದಿಗೆ ಕೂಡಿದರೆ ಅಂಥ ಪದರ ಆಗುತ್ತದೆ. ಬೋರಿನ ನೀರೇ ಗತಿಯಾದರೆ ಹಿಂದಿನ ರಾತ್ರಿ ಐದು ನಿಮಿಷ ಚೆನ್ನಾಗಿ ಕುದಿಸಿ ಅಲುಗಾಡಿಸದೆ ಇಡಿ. ಕುದಿದಾಗ ಸುಣ್ಣದ ಒಂದು ಪಾಲು ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಫಿಲ್ಟರಿನ ಮೆದು ನೀರಾದರೆ ಬಣ್ಣ ಬೇಗ ಬಿಡುತ್ತದೆ, ಪುಡಿ ಅರ್ಧ ಚಮಚ ಕಡಿಮೆ ಮಾಡಿ.

ನೀರು ಬಿಸಿಯಾಗುವಷ್ಟರಲ್ಲಿ ಅಲ್ಲವನ್ನು ತೊಳೆದು, ಸಿಪ್ಪೆ ಕೆರೆದು ಕುಟ್ಟಾಣಿಯಲ್ಲಿ ಜಜ್ಜುತ್ತೇನೆ. ತುರಿಯುವುದಿಲ್ಲ. ತುರಿದರೆ ಸಣ್ಣ ಚೂರು ಜಾಲರಿ ದಾಟಿ ಕಪ್ಪಿಗೆ ಇಳಿಯುತ್ತದೆ, ನಾರು ಜಾಲರಿಗೆ ಸಿಕ್ಕು ಸೋಸುವುದು ತಡವಾಗುತ್ತದೆ. ನಾಲ್ಕೈದು ಏಟಿಗೆ ರಸ ಒಸರಿ ನಾರು ಬಿಚ್ಚಿಕೊಂಡರೆ ಸಾಕು. ಎಳೆ ಅಲ್ಲದ ಸಿಪ್ಪೆ ಉಗುರಿಗೇ ಸುಲಿಯುತ್ತದೆ, ಖಾರ ಕಡಿಮೆ. ಬಲಿತು ನಾರಾದದ್ದು ಖಾರ ಜಾಸ್ತಿ, ಅದು 8 ಗ್ರಾಂ ಸಾಕು.

ಜಜ್ಜಿದ ಅಲ್ಲವನ್ನು ಮಸಾಲೆ ಪುಡಿಯ ಜೊತೆ ಕುದಿಯುವ ನೀರಿಗೆ ಹಾಕಿ ಪೂರ್ತಿ ನಾಲ್ಕು ನಿಮಿಷ ಕುದಿಸಬೇಕು. ಇಲ್ಲಿ ಅವಸರ ಮಾಡಬೇಡಿ. ಹಸಿ ಅಲ್ಲದಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಹಳ ಚುರುಕು, ಕುದಿಯುವ ನೀರಿನಲ್ಲಿ ಕೆಲಸ ಕಳೆದುಕೊಳ್ಳುತ್ತದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಬಿಸಿ ಹಾಲನ್ನು ಅಲ್ಲದ ರಸದ ಮೇಲೆ ಹುಯ್ದು ಗಿಣ್ಣದಂತೆ ಹೆಪ್ಪುಗಟ್ಟಿಸುವ ಸಿಹಿ ಇದೆ, ಅಲ್ಲಿ ಬೇಕೆಂದೇ ಮಾಡುವುದು ಇದನ್ನೇ. ನಮ್ಮ ಚಹಾದಲ್ಲಿ ಅದು ಬೇಡ. ತಣ್ಣಗಿನ ಹಾಲು, ಹಸಿ ಅಲ್ಲ ಎರಡನ್ನೂ ಒಟ್ಟಿಗೆ ಇಟ್ಟು ನಿಧಾನ ಕಾಯಿಸಿದರೆ ಹಾಲು ಆ 60ರ ಹದದಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಕುದಿ ಬರುವ ಮೊದಲೇ ಒಡೆಯುತ್ತದೆ. ‘ಹಾಲು ಕೆಟ್ಟಿತ್ತು’ ಅಂತ ಚೆಲ್ಲುವ ಎಷ್ಟೋ ಚಹಾದಲ್ಲಿ ಹಾಲಿನ ತಪ್ಪೇ ಇರುವುದಿಲ್ಲ.

ನಾಲ್ಕು ನಿಮಿಷ ಆದ ಮೇಲೆ ಚಹಾಪುಡಿ. ಕಾಳುಕಾಳಾಗಿರುವ ಪುಡಿ ನೀರಿನಲ್ಲಿ ಎರಡು ನಿಮಿಷ, ನುಣ್ಣಗಿನ ಡಸ್ಟ್ ಒಂದೇ ನಿಮಿಷ. ಉರಿ ಮಧ್ಯಮ. ಹಾಲಿಲ್ಲದೆ ಇದಕ್ಕಿಂತ ಹೆಚ್ಚು ಕುದಿಸಿದರೆ ಒಗರು ಏರುತ್ತದೆ, ಅದನ್ನು ಮುಚ್ಚಲು ಸಕ್ಕರೆ ಸುರಿಯಬೇಕಾಗುತ್ತದೆ.

ಹಾಲನ್ನು ಪಕ್ಕದ ಒಲೆಯಲ್ಲಿ ಬಿಸಿ ಮಾಡಿಕೊಂಡೇ ಸೇರಿಸಿ. ಫ್ರಿಜ್ಜಿನಿಂದ ನೇರ ಹುಯ್ದರೆ ಪಾತ್ರೆಯ ಬಿಸಿ ಮೇಲೆ ಹೇಳಿದ 60ರ ಹದದತ್ತ ಇಳಿಯುತ್ತದೆ. ಅಲ್ಲವನ್ನು ಎರಡೇ ನಿಮಿಷ ಕುದಿಸಿದ್ದರಂತೂ ಉಳಿದ ಕಿಣ್ವ ಹಾಲನ್ನು ಒಡೆದೀತು. ನೀಲಿ ಪ್ಯಾಕೆಟ್ಟಿನ ನಂದಿನಿಯಂಥ 3 ಶೇಕಡಾ ಕೊಬ್ಬಿನ ಹಾಲಿಗೆ ನೀರು, ಹಾಲು ಸಮಸಮ. ಮನೆಗೆ ಬರುವ ಎಮ್ಮೆ ಹಾಲಿನಲ್ಲಿ ಕೊಬ್ಬು ಅದರ ಎರಡರಷ್ಟು. ಅದಾದರೆ ನೀರು 350, ಹಾಲು 250. ಎಮ್ಮೆ ಹಾಲು ಸಮಸಮ ಹಾಕಿದರೆ ಮಸಾಲೆಯ ಬಾಯಿಗೆ ಕೆನೆ ಅಡ್ಡ ಬರುತ್ತದೆ. ಬರೀ ಹಾಲಿನಲ್ಲಿ ಚಹಾ ಮಾಡುವುದನ್ನು ದೊಡ್ಡಸ್ತಿಕೆ ಅಂದುಕೊಳ್ಳುತ್ತಾರೆ. ಪುಡಿಯ ರಸ ನೀರಿನಲ್ಲಿ ಇಳಿದಷ್ಟು ಚೆನ್ನಾಗಿ ಹಾಲಿನಲ್ಲಿ ಇಳಿಯುವುದಿಲ್ಲ, ಹಾಗಾಗಿ ನಾನು ಅದನ್ನು ಒಪ್ಪುವುದಿಲ್ಲ.

ಹಾಲು ಬಿದ್ದ ಕೂಡಲೇ ಬಣ್ಣ ಬೂದುಗೆಂಪಾಗಿ, ಪೇಲವವಾಗಿ ಕಾಣುತ್ತದೆ. ಆಗ ಸಕ್ಕರೆ ಹಾಕಿ, ಉರಿ ಹೆಚ್ಚಿಸಿ, ಪಾತ್ರೆಯ ಅಂಚನ್ನು ನೋಡುತ್ತ ನಿಲ್ಲಿ. ಮೊದಲ ಉಕ್ಕು ದೊಡ್ಡ ದೊಡ್ಡ ಬಿಳಿ ಗುಳ್ಳೆಗಳದ್ದು. ಅವು ಬಟಬಟ ಒಡೆಯುತ್ತವೆ, ಒಡೆದ ಜಾಗದಲ್ಲಿ ಕೆಳಗಿನ ಕಂದು ಇಣುಕುತ್ತದೆ. ಉರಿ ಸಣ್ಣ ಮಾಡಿ ಎರಡು ನಿಮಿಷ ಬಿಡಿ. ಮತ್ತೆ ಉರಿ ಏರಿಸಿದಾಗ ಬರುವ ಎರಡನೇ ಉಕ್ಕಿನಲ್ಲಿ ಗುಳ್ಳೆ ಸಾಸಿವೆಯಷ್ಟು ಸಣ್ಣದಾಗಿರುತ್ತದೆ, ಒತ್ತೊತ್ತಾಗಿ ಇಡೀ ಮೈಯೇ ಮೇಲೆದ್ದ ಹಾಗೆ ಏರುತ್ತದೆ, ಬಣ್ಣ ಸುಟ್ಟ ಇಟ್ಟಿಗೆಯದ್ದು. ಪಾತ್ರೆಯ ಒಳಗೋಡೆಗೆ ಕಂದು ಉಂಗುರ ಕಟ್ಟಿರುತ್ತದೆ. ಗಡಿಯಾರಕ್ಕಿಂತ ಈ ಎರಡನೇ ಉಕ್ಕನ್ನು ನಂಬಿ. ಈ ಹೊತ್ತಿನಲ್ಲಿ ಸೌಟಿನಿಂದ ಎಂಟು ಹತ್ತು ಸಲ ಒಂದು ಗೇಣು ಎತ್ತರದಿಂದ ಎತ್ತಿ ಹುಯ್ದರೆ ಕೆನೆ ಪದರ ಕಟ್ಟುವುದಿಲ್ಲ, ಕಪ್ಪಿನಲ್ಲಿ ನೊರೆ ನಿಲ್ಲುತ್ತದೆ.

ಯಾಲಕ್ಕಿ ಈಗ. ಒಲೆ ಆರಿಸಿ, ಅದೇ ಗಳಿಗೆ ಕುಟ್ಟಿದ ಯಾಲಕ್ಕಿ ಹಾಕಿ, ತಟ್ಟೆ ಮುಚ್ಚಿ ಒಂದು ನಿಮಿಷ ಬಿಟ್ಟು ಸೋಸಿ. ಅದರ ಎಣ್ಣೆ ಬಿಸಿಗೆ ಬಲು ಬೇಗ ಹಾರಿಹೋಗುತ್ತದೆ. ಚಹಾ ಕುದಿಯುವಾಗ ಯಾಲಕ್ಕಿ ಮನೆಯೆಲ್ಲ ಘಮಘಮ ಅಂದರೆ ಕಪ್ಪಿನಲ್ಲಿ ಅಷ್ಟು ಕಡಿಮೆಯಾಯಿತು ಅಂತಲೇ ಲೆಕ್ಕ.

ಇದೇ ಕಾರಣಕ್ಕೆ ನನ್ನ ಮಸಾಲೆ ಪುಡಿಯಲ್ಲಿ ಯಾಲಕ್ಕಿ ಇಲ್ಲ. ಕರಿಮೆಣಸು 10 ಗ್ರಾಂ, ಚಕ್ಕೆ 10 ಗ್ರಾಂ, ಒಣ ಶುಂಠಿ 10 ಗ್ರಾಂ, ಬಡೇಸೋಪು 6 ಗ್ರಾಂ, ಲವಂಗ 4 ಗ್ರಾಂ, ಜಾಯಿಕಾಯಿ ತುರಿದದ್ದು ಕಾಲು ಚಮಚ. ಶುಂಠಿಯನ್ನು ಮೊದಲು ಗುಂಡಿನಲ್ಲಿ ಜಜ್ಜಿಕೊಳ್ಳಿ, ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡಿಗೆ ಏಟು. ಮೆಣಸು, ಚಕ್ಕೆ, ಲವಂಗವನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ, ಸಣ್ಣ ರವೆಯಷ್ಟು ತರಿಯಾಗಿ ಪುಡಿ ಮಾಡಿ. ಲವಂಗ 4 ಗ್ರಾಂ ದಾಟಿದರೆ ಚಹಾ ಹಲ್ಲುನೋವಿನ ಔಷಧಿಯ ವಾಸನೆ ಹೊಡೆಯುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆಯಲ್ಲಿ ಲೋಳೆಯ ಅಂಶ ಇರುತ್ತದೆ. ನುಣ್ಣಗೆ ಪುಡಿ ಮಾಡಿದರೆ ಅದು ಜಾಲರಿ ದಾಟಿ ಕಪ್ಪಿನ ತಳದಲ್ಲಿ ಜಾರುವ ಗಸಿಯಾಗಿ ಕೂರುತ್ತದೆ. ತರಿಯಾಗಿರಲಿ ಅನ್ನುವುದು ಅದಕ್ಕೇ. ದಿನಕ್ಕೆ ಎರಡು ಸಲ ಮಾಡಿದರೆ ಈ ಪುಡಿ ಮೂರು ವಾರಕ್ಕೆ ಮುಗಿಯುತ್ತದೆ. ಅದಕ್ಕಿಂತ ಜಾಸ್ತಿ ಮಾಡಿಟ್ಟುಕೊಳ್ಳಬೇಡಿ, ಒಲೆಯ ಪಕ್ಕ ಇಡಬೇಡಿ.

ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಜೊತೆ ಕುಡಿಯುವ ಚಹಾಕ್ಕೆ ಮಸಾಲೆ ಪುಡಿ ಕಾಲು ಚಮಚ ಮಾತ್ರ, ಹಾಲು 50 ಮಿ.ಲೀ. ಜಾಸ್ತಿ. ಮೆಣಸಿನಕಾಯಿಯ ಉರಿಯನ್ನು ನಾಲಿಗೆಯಿಂದ ಬಿಡಿಸುವುದು ಹಾಲು. ಅದರ ಮೇಲೆ ಕರಿಮೆಣಸಿನ ಖಾರ ಬಿದ್ದರೆ ಎರಡರ ರುಚಿಯೂ ಕೆಡುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಕಾಯಿಸಿ ಹೊರಗಿಟ್ಟ ಹಾಲು ಸಂಜೆಗೆ ಹುಳಿಯತ್ತ ತಿರುಗಿರುತ್ತದೆ. ಮೂಸಿದರೆ ಗೊತ್ತಾಗುವುದಿಲ್ಲ. ಸೌಟಿನಲ್ಲಿ ಎರಡು ಚಮಚ ಹಾಲು ಹಿಡಿದು ಉರಿಯ ಮೇಲೆ ಕುದಿಸಿ ನೋಡಿ. ಅಂಚಿನಲ್ಲಿ ಸಣ್ಣ ಕಣ ಕಂಡರೆ ಆ ಹಾಲು ಚಹಾಕ್ಕೆ ಬೇಡ, ನಿಂಬೆರಸ ಹಿಂಡಿ ಪನೀರ್ ಮಾಡಿ.

ಬೆಲ್ಲದ ಚಹಾ ಮಾಡುವವರು ಬೆಲ್ಲವನ್ನು ಹಾಲಿನ ಜೊತೆ ಕುದಿಸಲೇಬಾರದು. ಬೆಲ್ಲದಲ್ಲಿ ಹುಳಿಯ ಅಂಶ, ಲವಣ ಎರಡೂ ಇರುತ್ತವೆ, ಹಳೆಯದಾದಷ್ಟೂ ಹುಳಿ ಹೆಚ್ಚು. ಕುದಿಯುವ ಹಾಲು ಅದನ್ನು ತಡೆಯದೆ ಒಡೆಯುತ್ತದೆ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, 40 ಗ್ರಾಂ ಪುಡಿ ಬೆಲ್ಲ ಹಾಕಿ ಕದಡಿ ಸೋಸಿ, ಮತ್ತೆ ಒಲೆಗೆ ಇಡಬೇಡಿ. ಬೆಲ್ಲದ ಮೇಲೆ ಅನುಮಾನ ಇದ್ದರೆ ಬರೀ ಡಿಕಾಕ್ಷನ್ನಿನಲ್ಲಿ ಬೆಲ್ಲ ಕರಗಿಸಿ ಸೋಸಿಕೊಂಡು, ಕಪ್ಪಿನಲ್ಲೇ ಬಿಸಿ ಹಾಲು ಬೆರೆಸಿ.

ಫ್ಲಾಸ್ಕಿಗೆ ಹಾಕುವುದಾದರೆ ಮೊದಲು ಅದಕ್ಕೆ ಕುದಿಯುವ ನೀರು ತುಂಬಿ ಐದು ನಿಮಿಷ ಇಟ್ಟು ಚೆಲ್ಲಿ, ಚಹಾವನ್ನು ಎರಡು ಸಲ ಸೋಸಿ ತುಂಬಿ. ಸಣ್ಣ ಚರಟ ಉಳಿದರೂ ಒಳಗೇ ಒಗರು ಬಿಡುತ್ತಿರುತ್ತದೆ. ಒಂದು ಗಂಟೆ ದಾಟಿದರೆ ಹಾಲಿನ ವಾಸನೆ ತಿರುಗುತ್ತದೆ, ಅಷ್ಟರೊಳಗೆ ಕುಡಿದುಬಿಡಿ.