ತುಂಗಭದ್ರೆಯ ಗಾಳದವರು ಕಡಲಿಗೆ ಹೋದರೆ: ಸೇಲ್‌ಫಿಶ್ ಹಿಡಿಯುವುದು ಹೇಗೆ?

ಮುನಿರಾಬಾದ್ ಡ್ಯಾಮಿನ ಹಿನ್ನೀರಲ್ಲಿ ಗಾಳ ಹಾಕಿ ಬೆಳೆದವರ ಕೈಗೆ ಒಂದು ರೂಢಿ ಅಂಟಿರುತ್ತದೆ. ಬೆಂಡು ಮುಳುಗಿತೋ, ಕೋಲು ಎತ್ತಿ ಜಗ್ಗುವುದು. ನದಿಯ ಮೀನಿಗೆ ಅದು ನಡೆಯುತ್ತದೆ. ಕಡಲಿನ ಸೇಲ್‌ಫಿಶ್‌ಗೋ ಮಾರ್ಲಿನ್‌ಗೋ ಹಾಗೆ ಜಗ್ಗಿದರೆ ಎರೆ ಅದರ ಬಾಯಿಂದ ಕಿತ್ತು ಬರುತ್ತದೆ, ಅಷ್ಟೇ. ಅಂಡಮಾನಿಗೆ ಹೋಗಿ ಒಂದು ದಿನ ಈ ಮೀನಿನ ಬೆನ್ನು ಹತ್ತಬೇಕು ಅನ್ನುವ ನಮ್ಮ ಕಡೆಯವರು ಮೊದಲು ಈ ರೂಢಿಯನ್ನೇ ಬಿಡಬೇಕು.

ಮೊದಲು ಮೀನಿನ ಪರಿಚಯ. ಸೇಲ್‌ಫಿಶ್, ಮಾರ್ಲಿನ್, ಸ್ವೋರ್ಡ್‌ಫಿಶ್ ಎಲ್ಲಕ್ಕೂ ಮೇಲ್ದವಡೆ ಈಟಿಯ ಹಾಗೆ ಉದ್ದಕ್ಕೆ ಚಾಚಿರುತ್ತದೆ. ಮುಂದೆ ಕೊಂಬು ಅಂದಿರುವುದು ಇದನ್ನೇ. ಸೇಲ್‌ಫಿಶ್‌ನ ಬೆನ್ನ ಮೇಲೆ ದೊಡ್ಡ ರೆಕ್ಕೆಯಿದೆ. ಬೇಟೆಯ ಹೊತ್ತಲ್ಲಿ ಅದನ್ನು ಬಿಚ್ಚುತ್ತದೆ, ಮೈಯ ಬಣ್ಣವೂ ಬದಲಾಗುತ್ತದೆ. ಗಂಟೆಗೆ 110 ಕಿ.ಮೀ. ವೇಗ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಅದನ್ನು ನಂಬಬೇಡಿ. ಈಚಿನ ಅಧ್ಯಯನಗಳ ಪ್ರಕಾರ ಅದರ ವೇಗ ಹೆಚ್ಚೆಂದರೆ ಗಂಟೆಗೆ 36 ಕಿ.ಮೀ. ಆಸುಪಾಸು. ದಾಖಲೆಯ ಮಾತಿಗೆ ಬಂದರೆ, 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಬ್ಲ್ಯಾಕ್ ಮಾರ್ಲಿನ್ 1,560 ಪೌಂಡ್ ಇತ್ತು. ಅಂದರೆ ಸುಮಾರು 707 ಕೆ.ಜಿ.

ಯಾವಾಗ, ಹೇಗೆ ಹೋಗುವುದು

ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಆಗ ಅಂಡಮಾನಿನಲ್ಲಿ ಕಡಲು ಶಾಂತವಾಗಿರುತ್ತದೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿ ಮತ್ತು ಅಂಡಮಾನ್ ಕಡಲಲ್ಲಿ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ದಿನಗಳಿಗೆ ಟಿಕೆಟ್ ಮಾಡಿಸಬೇಡಿ. ಕೊಪ್ಪಳ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬಹುದು. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ವಿಮಾನ. 2024ರಿಂದ ಆ ಊರಿನ ಹೆಸರು ಶ್ರೀ ವಿಜಯ ಪುರಂ.

ದೋಣಿ ಗೊತ್ತು ಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಲೈಸೆನ್ಸ್ ಇದೆಯಾ? ಎಲ್ಲರಿಗೂ ಲೈಫ್ ಜಾಕೆಟ್, ವೈರ್‌ಲೆಸ್ ಸೆಟ್ ಇದೆಯಾ? ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಗಾಳದ ಕೊಕ್ಕೆ) ಬಳಸುತ್ತೀರಾ? ಹಿಡಿದ ಸೇಲ್‌ಫಿಶ್ ಬಿಟ್ಟುಬಿಡುತ್ತೀರಾ? ಕೊನೆಯ ಎರಡಕ್ಕೆ ಸರಿಯಾದ ಉತ್ತರ ಬರದಿದ್ದರೆ ಬೇರೆ ದೋಣಿ ನೋಡಿ.

ಊರಲ್ಲೇ ಮಾಡಬಹುದಾದ ತಯಾರಿ

ದಾರ ಸುತ್ತುವ ರೀಲಿನಲ್ಲಿ ಡ್ರ್ಯಾಗ್ ಅನ್ನುವ ಬ್ರೇಕ್ ಇರುತ್ತದೆ. ಮೀನು ಜೋರಾಗಿ ಎಳೆದಾಗ ದಾರ ಹರಿಯದ ಹಾಗೆ ಅದು ದಾರವನ್ನು ಬಿಟ್ಟುಕೊಡುತ್ತದೆ. ಎಷ್ಟು ಭಾರಕ್ಕೆ ಬಿಡಬೇಕು ಅನ್ನುವುದೇ ಇಡೀ ಕೆಲಸದ ಗುಟ್ಟು. ದಾರ ತಡೆಯುವ ಭಾರದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ, ಇದು ಲೆಕ್ಕ. ಸೇಲ್‌ಫಿಶ್‌ಗೆ 30 ಪೌಂಡಿನ ದಾರ ಸಾಕು. ಅದು ತಡೆಯುವುದು ಸುಮಾರು 13.5 ಕೆ.ಜಿ. ಹಾಗಾದರೆ ಡ್ರ್ಯಾಗ್ 4 ಕೆ.ಜಿ. ಹತ್ತಿರ ಇರಬೇಕು.

ಇದನ್ನು ಅಂದಾಜಿನ ಮೇಲೆ ಬಿಡಬೇಡಿ. ಸಂತೆಯಲ್ಲಿ ತೂಗುವ ಕೊಕ್ಕೆಯ ಸ್ಪ್ರಿಂಗ್ ಕಾಟಾ ತನ್ನಿ. ದಾರವನ್ನು ರಾಡಿನ ಬಳೆಗಳ ಮೂಲಕ ಹಾಯಿಸಿ, ತುದಿಯನ್ನು ಕಾಟಾಕ್ಕೆ ಕಟ್ಟಿ. ಒಬ್ಬರು ರಾಡ್ ಎತ್ತಿ ಹಿಡಿಯಲಿ, ಇನ್ನೊಬ್ಬರು ಕಾಟಾವನ್ನು ನಿಧಾನವಾಗಿ ಎಳೆಯಲಿ. ರೀಲ್ ದಾರ ಬಿಡಲು ಶುರು ಮಾಡಿದಾಗ ಮುಳ್ಳು 4ರಲ್ಲಿ ನಿಂತಿರಬೇಕು. ಹೆಚ್ಚು ಕಡಿಮೆ ಇದ್ದರೆ ಡ್ರ್ಯಾಗ್ ತಿರುಗಿಸಿ, ಮತ್ತೆ ಎಳೆದು ನೋಡಿ. ದೋಣಿಯ ರೀಲನ್ನೇ ಬಳಸುವುದಾದರೂ ಈ 4 ಕೆ.ಜಿ. ಸೆಳೆತ ಕೈಗೆ ಗೊತ್ತಿರಲಿ.

ಆಮೇಲೆ ಮೈದಾನಕ್ಕೆ ಹೋಗಿ. ದಾರದ ತುದಿಯನ್ನು ಒಂದು ಬಡಿಗೆಗೆ ಕಟ್ಟಿ ಗೆಳೆಯನ ಕೈಗೆ ಕೊಡಿ, ಓಡಲು ಹೇಳಿ. ಅವನು ಓಡುವಷ್ಟು ಹೊತ್ತು ರೀಲ್ ಸುತ್ತಬೇಡಿ. ನಿಂತ ಮೇಲೆ ರಾಡನ್ನು ಮೆಲ್ಲಗೆ ಎತ್ತಿ, ಇಳಿಸುತ್ತಾ ಸುತ್ತಿ. ಎತ್ತುವಾಗ ಎಳೆತ, ಇಳಿಸುವಾಗ ಸುತ್ತು. ಭುಜಕ್ಕಿಂತ ಕಾಲಿಗೆ ಜಾಸ್ತಿ ಕೆಲಸ ಬೀಳಬೇಕು.

ದೋಣಿಯ ಮೇಲೆ

ಬೆಳಕು ಹರಿಯುವ ಹೊತ್ತಿಗೇ ಹೊರಡಬೇಕು. ಅಂಡಮಾನಿನಲ್ಲಿ ಚಳಿಗಾಲದ ಸಂಜೆ ಐದೂವರೆಗೆಲ್ಲ ಕತ್ತಲಾಗುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ಕೆಟ್ಟ ಮೇಲೆ ನುಂಗಿದರೆ ಉಪಯೋಗವಿಲ್ಲ. ಒಗ್ಗರಣಿ ಮಿರ್ಚಿಯ ಆಸೆ ಆ ಒಂದು ದಿನ ಬೇಡ. ಖಡಕ್ ರೊಟ್ಟಿ, ಬಾಳೆಹಣ್ಣು ಸಾಕು. ರಾಯಚೂರಿನ ಬಿಸಿಲು ಕಂಡವರಿಗೆ ಅಲ್ಲಿಯದು ಏನೂ ಅನ್ನಿಸದಿರಬಹುದು. ಆದರೆ ನೀರಿನಿಂದಲೂ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಉದ್ದ ತೋಳಿನ ಅಂಗಿ, ಪೋಲರೈಸ್ಡ್ ಕನ್ನಡಕ ಹಾಕಿಕೊಳ್ಳಿ.

ನೀರಿನ ಆಳ ದಿಢೀರನೆ ಹೆಚ್ಚುವ ಜಾಗ, ಎರಡು ಬಣ್ಣದ ನೀರು ಸೇರುವ ಗೆರೆ, ಹಕ್ಕಿಗಳು ಮುಗಿಬೀಳುವ ಕಡೆ, ಇಲ್ಲಿ ಹುಡುಕಬೇಕು. ದೋಣಿ ನಿಧಾನಕ್ಕೆ ಸಾಗುತ್ತಿರುತ್ತದೆ, ಹಿಂದೆ ಬೇರೆ ಬೇರೆ ದೂರದಲ್ಲಿ ಎರೆಗಳು ಓಡುತ್ತಿರುತ್ತವೆ.

ಮೀನು ಬಂದಾಗ

ಎರೆಯ ಹಿಂದೆ ಕಪ್ಪು ನೆರಳು, ನೀರು ಸೀಳುವ ಕೊಂಬು ಕಾಣುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಕೈ ಜಗ್ಗು ಅನ್ನುತ್ತದೆ. ಬೇಡ. ಈ ಮೀನು ಎಷ್ಟೋ ಸಲ ಮೊದಲು ಕೊಂಬಿನಿಂದ ಎರೆಗೆ ಹೊಡೆಯುತ್ತದೆ, ಆಮೇಲೆ ತಿರುಗಿ ನುಂಗುತ್ತದೆ. ಬೆರಳಿನಿಂದ ರೀಲನ್ನು ಹಗುರಾಗಿ ಒತ್ತಿಕೊಂಡು ದಾರ ಬಿಡಿ, ಮೂರು ನಾಲ್ಕು ಎಣಿಸಿ. ಆಮೇಲೆ ಡ್ರ್ಯಾಗಿನ ಲಿವರ್ ಅನ್ನು ನಿಧಾನಕ್ಕೆ ಮುಂದೆ ತಳ್ಳಿ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ ಬಾಗಿರುತ್ತದೆ. ದಾರ ಬಿಗಿಯಾದಂತೆ ಅದು ಗಂಟಲಿನಿಂದ ಜಾರಿ ಬಂದು ದವಡೆಯ ಮೂಲೆಯಲ್ಲಿ ಕೂರುತ್ತದೆ. ಇಂಗ್ಲಿಷಿನ J ಆಕಾರದ ಹಳೆಯ ಜೆ ಹುಕ್ ಎಷ್ಟೋ ಸಲ ಕರುಳಿಗೆ ಚುಚ್ಚುತ್ತದೆ. ಅಮೆರಿಕದವರು 2008ರಿಂದ ಅಟ್ಲಾಂಟಿಕ್ ಕಡಲಿನಲ್ಲಿ ಈ ಮೀನು ಹಿಡಿಯುವ ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆಗೆ ಸರ್ಕಲ್ ಹುಕ್ ಕಡ್ಡಾಯ ಮಾಡಿದ್ದು ಇದಕ್ಕೇ.

ಮೀನು ನೀರಿನ ಮೇಲೆ ಹಾರಿದಾಗ ರಾಡನ್ನು ಅದರ ಕಡೆಗೆ ಬಾಗಿಸಿ, ದಾರ ಸ್ವಲ್ಪ ಸಡಿಲ ಬಿಡಿ. ಬಿಗಿ ದಾರದ ಮೇಲೆ ಅದು ಬಿದ್ದರೆ ದಾರ ಹರಿದಂತೆಯೇ. ಗಡಿಬಿಡಿಯಲ್ಲಿ ಡ್ರ್ಯಾಗ್ ಮುಟ್ಟಬೇಡಿ.

ಬಿಡುವುದು

ದೋಣಿಯವರು ಗ್ಲೌಸ್ ಹಾಕಿ ದಾರದ ಕೊನೆಯ ದಪ್ಪ ಭಾಗ ಹಿಡಿದರೆ ಮೀನು ಸಿಕ್ಕಿದ ಲೆಕ್ಕ. ಆ ದಾರ ನಿಮ್ಮ ಕೈಗೆ ಸುತ್ತಿಕೊಳ್ಳದಂತೆ ದೂರ ನಿಲ್ಲಿ. ಮೀನನ್ನು ದೋಣಿಯೊಳಗೆ ಎಳೆದು ತೊಡೆಯ ಮೇಲೆ ಹಾಕಿಕೊಂಡು ಫೋಟೊ ತೆಗೆಸುವ ಚಾಳಿ ಬಹಳ ಇದೆ. ದಯವಿಟ್ಟು ಬೇಡ. ಅರ್ಧ ಗಂಟೆ ಹೋರಾಡಿದ ಜೀವಕ್ಕೆ ಆಗ ಬೇಕಿರುವುದು ಉಸಿರು, ಅಲ್ವಾ? ನೀರಲ್ಲೇ ಇಟ್ಟು ಫೋಟೊ ತೆಗೆಯಿರಿ. ದೋಣಿಯನ್ನು ಮೆಲ್ಲಗೆ ಮುಂದಕ್ಕೆ ಸಾಗಿಸುತ್ತಾ ಕೊಂಬು ಹಿಡಿದುಕೊಂಡರೆ ಬಾಯಿಯಿಂದ ಕಿವಿರಿಗೆ ನೀರು ಹರಿಯುತ್ತದೆ. ಬಾಡಿದ ಬಣ್ಣ ಮರಳುತ್ತದೆ, ಬಾಲ ಬಡಿಯತೊಡಗುತ್ತದೆ. ಅದು ತಾನೇ ಕೈಯಿಂದ ಕಿತ್ತುಕೊಳ್ಳುವಷ್ಟು ಬಲ ಬಂದ ಮೇಲೆ ಬಿಡಿ. ಹುಕ್ ಸುಲಭಕ್ಕೆ ಬರದಿದ್ದರೆ ಅದರ ಹತ್ತಿರವೇ ದಾರ ಕತ್ತರಿಸಿ.

ನಿಮ್ಮದೇ ಸಾಮಾನು ಒಯ್ದಿದ್ದರೆ ಅವತ್ತು ರಾತ್ರಿಯೇ ರಾಡ್, ರೀಲ್ ಎರಡನ್ನೂ ಸಿಹಿನೀರಿನಲ್ಲಿ ತೊಳೆದು, ಡ್ರ್ಯಾಗ್ ಸಡಿಲಿಸಿ ಒಣಗಿಸಿ. ಉಪ್ಪು ಒಂದೇ ವಾರದಲ್ಲಿ ಬೇರಿಂಗ್ ತಿನ್ನುತ್ತದೆ. ಹುಕ್, ಕಟ್ಟರ್‌ಗಳನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ಚೆಕ್-ಇನ್ ಲಗೇಜಿಗೆ ಹಾಕಿ.