ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಓದಬೇಕಾ? ಮೊದಲು ಸಿಲಬಸ್ ನೋಡಿ

ಕಾಡು, ನದಿ, ಪ್ರಾಣಿ ಅಂದ್ರೆ ಇಷ್ಟ, ಅದಕ್ಕೇ ಈ ಕೋರ್ಸ್ ಅನ್ನುವವರು ಜಾಸ್ತಿ. ಇಷ್ಟ ಇರಲಿ, ಒಳ್ಳೆಯದೇ. ಆದರೆ ಓದಿನ ದೊಡ್ಡ ಪಾಲು ಲೆಕ್ಕ, ನಕ್ಷೆ, ಕಾನೂನು ಮತ್ತು ಜನರ ಜಗಳ. ಒಂದೇ ನದಿಯ ನೀರು ರೈತರಿಗೂ ಬೇಕು, ಕಾರ್ಖಾನೆಗೂ ಬೇಕು, ಪಟ್ಟಣಕ್ಕೂ ಬೇಕು, ಮೀನಿಗೂ ಒಂದಿಷ್ಟು ಉಳಿಯಬೇಕು ಅಂದಾಗ ಯಾರಿಗೆ ಎಷ್ಟು ಅಂತ ತೀರ್ಮಾನಿಸುವುದು ಹೇಗೆ? ಓದುವುದು ಅದನ್ನೇ.

ಮೊದಲ ಕೆಲಸ, ಸಿಲಬಸ್ ತೆಗೆದು ನೋಡುವುದು. ಪದವಿಯ ಹೆಸರಿಗೆ ಮರುಳಾಗಬೇಡಿ. ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ಅಳೆಯುವ ವಿಧಾನ), ಸಂಖ್ಯಾಶಾಸ್ತ್ರ, ಫೀಲ್ಡ್ ವರ್ಕ್ ಈ ಮೂರೂ ಇವೆಯಾ? ಒಂದಿಲ್ಲದಿದ್ದರೂ ಎರಡು ಸಲ ಯೋಚಿಸಿ.

ಫೀಲ್ಡ್ ವರ್ಕ್ ಅಂದ್ರೆ ಪಿಕ್‌ನಿಕ್ ಅಲ್ಲ. ಮರದ ಸುತ್ತಳತೆ ತೆಗೆಯುವುದನ್ನೇ ನೋಡಿ. ಬಹಳಷ್ಟು ದೇಶಗಳಲ್ಲಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಬೇಕು ಅನ್ನುವುದು ನಿಯಮ. ಇಳಿಜಾರಿನಲ್ಲಿದ್ದರೆ ಮರದ ಮೇಲ್ಬದಿಯಲ್ಲಿ ನಿಂತು ಆ ಎತ್ತರ ಗುರುತಿಸಬೇಕು. ಟೇಪು ಓರೆಯಾದರೆ, ಬಳ್ಳಿಯ ಮೇಲೆ ಕೂತರೆ, ಅಳತೆ ತಪ್ಪು. ಇದನ್ನು ಮಳೆಯಲ್ಲಿ, ಸೊಳ್ಳೆಗಳ ನಡುವೆ, ನೂರಾರು ಮರಗಳಿಗೆ ಮಾಡಬೇಕು. ಬೇಜಾರಾಗಲ್ಲ ಅನ್ನಿಸಿದರೆ ಮುಂದೆ ಓದಿ!

ಜಿಐಎಸ್ ಕಲಿಯಲು ಕಾಲೇಜಿನ ಎರಡನೇ ವರ್ಷದವರೆಗೆ ಕಾಯಬೇಕಿಲ್ಲ. ಅದಕ್ಕೆ ಬಳಸುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಉಚಿತ. 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸಂಗ್ರಹವೂ 2008ರಿಂದ ಎಲ್ಲರಿಗೂ ಉಚಿತ. ಗೊತ್ತಿರುವ ದೊಡ್ಡ ಕೆರೆಯೊಂದರ ಹಳೆಯ, ಹೊಸ ಚಿತ್ರ ಇಳಿಸಿಕೊಂಡು ನೀರಿನ ಅಂಚು ಎಷ್ಟು ಸರಿದಿದೆ ಅಂತ ಅಳೆದು ನೋಡಿ. ದೊಡ್ಡ ಕೆರೆ ಯಾಕೆ ಅಂದ್ರೆ, ಈಗಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ಸಾಮಾನ್ಯವಾಗಿ ನೆಲದ ಮೇಲೆ 30 ಮೀಟರ್ ಚೌಕ, ಸಣ್ಣ ಹೊಂಡವಾದರೆ ನಾಲ್ಕೇ ಚುಕ್ಕೆಗೆ ಮುಗಿದುಹೋಗುತ್ತದೆ.

ಸಮಾಜವಿಜ್ಞಾನದ ಪೇಪರ್‌ಗಳನ್ನು ಸುಮ್ನೆ ಪಾಸಾದರೆ ಸಾಕು ಅನ್ನಬೇಡಿ. ಸಂಪನ್ಮೂಲ ಉಳಿಯುವುದೂ ಹಾಳಾಗುವುದೂ ಜನರ ತೀರ್ಮಾನದಿಂದ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ (cod) ಅನ್ನುವ ಮೀನು ಇನ್ನೂ ಬೇಕಾದಷ್ಟಿದೆ ಅನ್ನುವ ಅಂದಾಜಿನ ಮೇಲೆ ಹಿಡಿಯುತ್ತಾ ಹೋಗಿ, 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಜನರ ಕೆಲಸ ಹೋಯಿತು. ಇನ್ನೊಂದು ಕಡೆ, ಊರಿನವರೇ ನಿಯಮ ಮಾಡಿಕೊಂಡು ಕಾಡು, ನೀರು ಉಳಿಸಿಕೊಂಡ ಉದಾಹರಣೆಗಳನ್ನು ಅಧ್ಯಯನ ಮಾಡಿದ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇನ್ನು ಕೆಲಸ. ಅರಣ್ಯ, ನೀರಾವರಿ, ಮೀನುಗಾರಿಕೆ ಇಲಾಖೆಗಳಿವೆ, ಆದರೆ ಯಾವ ಪದವಿಗೆ ಅರ್ಹತೆ ಇದೆ ಅಂತ ಸೇರುವ ಮೊದಲೇ ನೇಮಕಾತಿ ಪ್ರಕಟಣೆ ಓದಿಕೊಳ್ಳಿ, ಮುಗಿಸಿದ ಮೇಲೆ ಅಲ್ಲ. ಸ್ವಯಂಸೇವಾ ಸಂಸ್ಥೆಗಳಲ್ಲಿ ಕಲಿಯಲು ತುಂಬಾ ಸಿಗುತ್ತದೆ. ಹೆಚ್ಚಿನವು ಗುತ್ತಿಗೆ ಕೆಲಸಗಳು, ಅನುದಾನ ಮುಗಿದರೆ ಹುದ್ದೆಯೂ ಮುಗಿಯಿತು. ನಕ್ಷೆ, ದತ್ತಾಂಶ ಗೊತ್ತಿದ್ದವರಿಗೆ ಕೃಷಿ, ವಿಮೆ, ನಗರ ಯೋಜನೆಯ ಕಡೆಗೂ ದಾರಿ ಇದೆ. ಪರಿಸರ ಪರಿಣಾಮ ಅಂದಾಜು ಮಾಡುವ ಕನ್ಸಲ್ಟೆನ್ಸಿಗಳೂ ಇವೆ. ಅಲ್ಲಿ ಬಹಳ ಸಲ ಗಣಿ ತೋಡುವ ಕಂಪನಿಯೇ ವರದಿಗೂ ದುಡ್ಡು ಕೊಡುತ್ತದೆ. ಹಾಗಾಗಿ ಇಂಟರ್ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ: ಫೀಲ್ಡ್‌ನಿಂದ ನಾನು ತಂದ ಅಂಕಿಗಳನ್ನು ಯಾರಾದರೂ ಬದಲಿಸಿದರೆ ನನಗೆ ತಿಳಿಸುತ್ತೀರಾ?