ಚರ್ಮದ ಕ್ಯಾನ್ಸರಿಗೆ ಚಿಕಿತ್ಸೆ ತಡವಾದರೆ ಏನಾಗುತ್ತದೆ? ಅಪಾಯವನ್ನು ಹಂತಹಂತವಾಗಿ ಅಳೆಯುವ ಬಗೆ

ಮುಖ ಒರೆಸಿಕೊಂಡ ಟವೆಲ್ಲಿನ ಮೇಲೆ ರಕ್ತದ ಒಂದು ಚುಕ್ಕೆ ಕಾಣುತ್ತದೆ. ಕನ್ನಡಿಯ ಹತ್ತಿರ ಹೋಗಿ ನೋಡಿದರೆ ಮೂಗಿನ ಮಗ್ಗುಲಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಗಾಯವಿದೆ. ಎರಡು ದಿನದಲ್ಲಿ ಅದರ ಮೇಲೆ ಹಕ್ಕಳೆ ಕಟ್ಟುತ್ತದೆ, ವಾರ ಕಳೆಯುವಷ್ಟರಲ್ಲಿ ಹಕ್ಕಳೆ ಉದುರಿ ಜಾಗ ನಯವಾಗುತ್ತದೆ, ವಾಸಿಯಾಯಿತೆಂದು ಮರೆತೂ ಆಗುತ್ತದೆ. ಮೂರನೆಯ ವಾರ ಟವೆಲ್ಲಿನ ಮೇಲೆ ಮತ್ತೆ ಅದೇ ಚುಕ್ಕೆ. ನೋವಿಲ್ಲ, ಜ್ವರವಿಲ್ಲ, ತುರಿಕೆಯೂ ಅಷ್ಟಕ್ಕಷ್ಟೆ. ಹೀಗೆ ಮಾಯುತ್ತ, ಮತ್ತೆ ಒಡೆಯುತ್ತ ವರ್ಷಗಟ್ಟಲೆ ಉಳಿಯುವ ಗಾಯವು ಚರ್ಮದ ಕ್ಯಾನ್ಸರ್ ತೋರಿಸುವ ಸಾಮಾನ್ಯ ರೂಪಗಳಲ್ಲಿ ಒಂದು.

ಈ ಕಾಯಿಲೆ ಕಣ್ಣಿಗೆ ಕಾಣುವ ಜಾಗದಲ್ಲಿಯೇ ಹುಟ್ಟಿದರೂ ಎಷ್ಟೋ ಮಂದಿ ತಡವಾಗಿ ವೈದ್ಯರ ಬಳಿಗೆ ಬರುತ್ತಾರೆ, ಏಕೆಂದರೆ ಮೊದಮೊದಲು ಅದು ನೋಯುವುದಿಲ್ಲ. ತಡ ಮಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವೂ ಇಲ್ಲ. ಒಂದು ಬಗೆಯ ಕ್ಯಾನ್ಸರಿನಲ್ಲಿ ಮೂಗು ಅಥವಾ ಕಣ್ಣು ಹೋಗಬಹುದು, ಆದರೆ ಜೀವ ಹೋಗುವುದು ಅಪರೂಪ. ಇನ್ನೊಂದರಲ್ಲಿ ಕೆಲವೇ ತಿಂಗಳ ಉದಾಸೀನವು ಜೀವಕ್ಕೇ ಮುಳುವಾಗಬಹುದು. ಯಾವುದಕ್ಕೆ ಎಷ್ಟು ಕಾಲಾವಕಾಶವಿದೆ, ಅದನ್ನು ಹೇಗೆ ತಿಳಿಯುವುದು, ತಿಳಿದ ಮೇಲೆ ಏನು ಮಾಡುವುದು ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಹಂತ 1: ಅಗಲಕ್ಕಿಂತ ಆಳ ಮುಖ್ಯವೆಂದು ತಿಳಿಯಿರಿ

ಚರ್ಮದಲ್ಲಿ ಪದರಗಳಿವೆ. ಎಲ್ಲಕ್ಕಿಂತ ಮೇಲಿರುವುದು ಹೊರಚರ್ಮ; ಅಂಗೈ ಅಂಗಾಲುಗಳನ್ನು ಬಿಟ್ಟರೆ ದೇಹದ ಹೆಚ್ಚಿನ ಕಡೆ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರಡಿಯಲ್ಲಿ ತೆಳುವಾದ ಒಂದು ಪೊರೆ, ಆ ಪೊರೆಯ ಕೆಳಗೆ ರಕ್ತನಾಳ, ನರ ಮತ್ತು ಲಿಂಫ್ ಎಂಬ ತಿಳಿದ್ರವ ಹರಿಯುವ ದುಗ್ಧನಾಳಗಳಿರುವ ಒಳಚರ್ಮ, ಅದಕ್ಕೂ ಕೆಳಗೆ ಕೊಬ್ಬಿನ ಪದರ. ಚರ್ಮದ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಹೊರಚರ್ಮದಲ್ಲಿ. ಅಲ್ಲಿ ರಕ್ತನಾಳಗಳೇ ಇಲ್ಲವಾದ್ದರಿಂದ, ಕ್ಯಾನ್ಸರ್ ಆ ಪದರದೊಳಗೇ ಇರುವಷ್ಟು ಕಾಲ ದೇಹದ ಬೇರೆ ಕಡೆಗೆ ಹೋಗಲು ಅದಕ್ಕೆ ದಾರಿಯಿಲ್ಲ. ಆಗ ಪೂರ್ತಿಯಾಗಿ ಕತ್ತರಿಸಿ ತೆಗೆದರೆ ಕಾಯಿಲೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ.

ಪೊರೆಯನ್ನು ಭೇದಿಸಿ ಒಳಚರ್ಮಕ್ಕೆ ಇಳಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ದುಗ್ಧನಾಳಗಳ ಮೂಲಕ ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನ ದುಗ್ಧಗ್ರಂಥಿಗಳಿಗೂ, ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮೂಳೆ, ಮೆದುಳುಗಳಿಗೂ ಕ್ಯಾನ್ಸರ್ ಕೋಶಗಳು ಸಾಗಬಹುದು. ಕೊಬ್ಬರಿಯ ಹೋಳಿನಷ್ಟು ಅಗಲವಾಗಿ ಹರಡಿದರೂ ಮೇಲ್ಪದರದಲ್ಲೇ ಉಳಿದಿರುವ ಕಲೆಗಿಂತ, ಅಂಗಿಯ ಗುಂಡಿಯಷ್ಟೇ ಚಿಕ್ಕದಾಗಿದ್ದು ಆಳಕ್ಕೆ ಇಳಿದಿರುವ ಗಂಟು ಹೆಚ್ಚು ಅಪಾಯಕಾರಿಯಾಗಿರುವುದು ಇದೇ ಕಾರಣಕ್ಕೆ. ‘ಇಷ್ಟೇ ಇಷ್ಟಿದೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಹಂತ 2: ಯಾವ ಬಗೆಯ ಕ್ಯಾನ್ಸರ್, ತಡಕ್ಕೆ ಯಾವ ಬೆಲೆ ಎಂಬುದನ್ನು ಅರಿಯಿರಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಬೇಸಲ್ ಸೆಲ್ ಕಾರ್ಸಿನೋಮ. ಮುತ್ತಿನಂತೆ ಹೊಳೆಯುವ ಅಂಚು, ಮೇಲೆ ಕೆಂಪು ಎಳೆಗಳಂಥ ಸಣ್ಣ ರಕ್ತನಾಳಗಳು, ನಡುವೆ ಒಡೆದು ಹಕ್ಕಳೆ ಕಟ್ಟುವ ಗುಳಿ, ಇವು ಇದರ ಲಕ್ಷಣಗಳು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಇದು ಕಪ್ಪಾಗಿ, ಮಚ್ಚೆಯಂತೆಯೂ ಕಾಣಬಹುದು. ಇದು ನಿಧಾನವಾಗಿ ಬೆಳೆಯುತ್ತದೆ ಮತ್ತು ದೂರದ ಅಂಗಗಳಿಗೆ ಹರಡುವುದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಇರುವ ಜಾಗದಲ್ಲಿ ಅದು ಏನನ್ನೂ ಬಿಡುವುದಿಲ್ಲ. ಐರ್ಲೆಂಡಿನ ವೈದ್ಯ ಆರ್ಥರ್ ಜೇಕಬ್ 1827ರಲ್ಲಿ ಕಣ್ಣಿನ ರೆಪ್ಪೆಯನ್ನು ತಿನ್ನುತ್ತಾ ಹೋಗುವ ಇಂಥ ಹುಣ್ಣನ್ನು ವಿವರಿಸಿದರು. ಮುಂದೆ ಅದಕ್ಕೆ ‘ರೋಡೆಂಟ್ ಅಲ್ಸರ್’ ಎಂಬ ಹೆಸರು ಬಂತು, ಅಂದರೆ ಇಲಿ ಕಡಿದಂಥ ಹುಣ್ಣು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಇದು ಮೂಗಿನ ಮೃದ್ವಸ್ಥಿಯನ್ನು, ಕಿವಿಯ ಹಾಲೆಯನ್ನು, ರೆಪ್ಪೆಯನ್ನು ತಿನ್ನುತ್ತಾ ಕಣ್ಣಿನ ಗೂಡಿನೊಳಕ್ಕೂ ಮೂಳೆಯೊಳಕ್ಕೂ ಇಳಿಯುತ್ತದೆ. ಮೊದಲ ವರ್ಷದಲ್ಲಿ ಬಂದಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಕೆಲವು ಹೊಲಿಗೆಗಳಲ್ಲಿ ಮುಗಿಯುತ್ತಿದ್ದ ಕೆಲಸ, ತಡವಾದ ಮೇಲೆ ಹಣೆಯ ಚರ್ಮವನ್ನು ತಿರುಗಿಸಿ ತಂದು ಮೂಗನ್ನು ಮರುಕಟ್ಟುವ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ.

ಎರಡನೆಯದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಒರಟಾದ, ಹುರುಪೆ ಏಳುವ ಕೆಂಪು ಮಚ್ಚೆಯಾಗಿಯೋ, ನಡುವೆ ಗಟ್ಟಿಯಾದ ಕೊಂಬಿನಂಥ ಮುಳ್ಳಿರುವ ಗಂಟಾಗಿಯೋ, ಮಾಯದ ಹುಣ್ಣಾಗಿಯೋ ಇದು ಕಾಣಿಸಿಕೊಳ್ಳುತ್ತದೆ. ಬಹುತೇಕ ಪ್ರಕರಣಗಳು ಸಕಾಲಕ್ಕೆ ಕತ್ತರಿಸಿದರೆ ಗುಣವಾಗುತ್ತವೆ. ಆದರೆ ನೂರರಲ್ಲಿ ಕೆಲವು ದುಗ್ಧಗ್ರಂಥಿಗಳಿಗೆ ಹರಡುತ್ತವೆ, ತುಟಿ ಮತ್ತು ಕಿವಿಯ ಮೇಲೆ ಹುಟ್ಟಿದವುಗಳಲ್ಲಿ ಈ ಸಂಭವ ಹೆಚ್ಚು. ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುತ್ತಿರುವವರಲ್ಲಿ ಈ ಕ್ಯಾನ್ಸರ್ ಹಲವು ಪಟ್ಟು ಹೆಚ್ಚಾಗಿ ಬರುವುದಲ್ಲದೆ ಹೆಚ್ಚು ಆಕ್ರಮಣಕಾರಿಯೂ ಆಗಿರುತ್ತದೆ. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಅಥವಾ ವರ್ಷಗಳಿಂದ ಮಾಯದ ಕಾಲಿನ ಹುಣ್ಣಿನ ಅಂಚಿನಲ್ಲಿ ಹುಟ್ಟುವ ಬಗೆಯೂ ಒಂದಿದೆ. ಹಳೆಯ ಹುಣ್ಣು ಎಂಬ ಕಾರಣಕ್ಕೇ ಅದರ ಬದಲಾವಣೆ ಯಾರ ಗಮನಕ್ಕೂ ಬಾರದೆ ಹೋಗುವುದರಿಂದ ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸದ ಜಾಗ. ಇನ್ನೊಂದು ಗುಟ್ಟಿನ ದಾರಿಯೆಂದರೆ ನರ: ಕ್ಯಾನ್ಸರ್ ನರದ ಗುಂಟ ತೆವಳಿದರೆ ಮುಖದ ಒಂದು ಭಾಗ ಜೋಮು ಹಿಡಿದಂತಾಗುವುದು, ಇರುವೆ ಹರಿದಂತಾಗುವುದು, ಕೊನೆಗೆ ಮುಖದ ಒಂದು ಬದಿ ಸೋತುಹೋಗುವುದು ಉಂಟು.

ಮೂರನೆಯದಾದ ಮೆಲನೋಮ ಸಂಖ್ಯೆಯಲ್ಲಿ ಕಡಿಮೆ, ಅಪಾಯದಲ್ಲಿ ಹೆಚ್ಚು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಇದು 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.3 ಲಕ್ಷ ಜನರಲ್ಲಿ ಹೊಸದಾಗಿ ಪತ್ತೆಯಾಯಿತು, ಆ ವರ್ಷ ಸುಮಾರು 58 ಸಾವಿರ ಮಂದಿ ಇದರಿಂದ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇಲ್ಲಿ ತಡದ ಬೆಲೆಯನ್ನು ಮಿಲಿಮೀಟರಿನಲ್ಲಿಯೇ ಹೇಳಬಹುದು. ಅಮೆರಿಕದ ರೋಗವಿಜ್ಞಾನಿ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟಂತೆ, ಮೆಲನೋಮ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯೇ ರೋಗಿಯ ಮುಂದಿನ ದಿನಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇಂದಿಗೂ 1, 2 ಮತ್ತು 4 ಮಿಲಿಮೀಟರುಗಳೇ ಹಂತಗಳನ್ನು ಬೇರ್ಪಡಿಸುವ ಗೆರೆಗಳು. ಹುಟ್ಟಿದ ಜಾಗದಲ್ಲಿಯೇ ಇರುವಾಗ ಸಿಕ್ಕಿಬಿದ್ದರೆ ಐದು ವರ್ಷದ ನಂತರ ಬದುಕಿರುವವರ ಪ್ರಮಾಣ ಶೇ 95ಕ್ಕಿಂತ ಹೆಚ್ಚು. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿಬಿದ್ದರೆ ಅದು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೆಲವು ಮೆಲನೋಮಗಳು ವರ್ಷಗಟ್ಟಲೆ ಅಡ್ಡಕ್ಕೆ ಹರಡಿ ನಂತರ ಆಳಕ್ಕೆ ಇಳಿಯುತ್ತವೆ. ಗಂಟಿನ ರೂಪದ ಬಗೆ ಮಾತ್ರ ಮೊದಲಿನಿಂದಲೂ ಕೆಳಮುಖವಾಗಿಯೇ ಬೆಳೆಯುವುದರಿಂದ, ಅಲ್ಲಿ ಕೆಲವು ವಾರಗಳೂ ಲೆಕ್ಕಕ್ಕೆ ಬರುತ್ತವೆ.

ಹಂತ 3: ದೇಹವನ್ನು ತಿಂಗಳಿಗೊಮ್ಮೆ ನೋಡಿಕೊಳ್ಳಿ, ಉಗುರು ಮತ್ತು ಅಂಗಾಲನ್ನು ಮರೆಯದಿರಿ

ಒಳ್ಳೆಯ ಬೆಳಕು, ಒಂದು ದೊಡ್ಡ ಕನ್ನಡಿ, ಒಂದು ಕೈಗನ್ನಡಿ ಸಾಕು. ಬೆನ್ನು ಮತ್ತು ನೆತ್ತಿಯನ್ನು ಮನೆಯವರಿಂದ ನೋಡಿಸಿಕೊಳ್ಳುವುದು ವಾಸಿ. ಮಚ್ಚೆಯ ಒಂದು ಅರ್ಧ ಇನ್ನೊಂದರಂತಿಲ್ಲವೇ, ಅಂಚು ಕಚ್ಚುಕಚ್ಚಾಗಿದೆಯೇ, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿವೆಯೇ, ಅಡ್ಡಳತೆ 6 ಮಿಲಿಮೀಟರಿಗಿಂತ ಹೆಚ್ಚಿದೆಯೇ ಎಂಬ ನಾಲ್ಕು ಪ್ರಶ್ನೆಗಳು 1985ರಿಂದ ಬಳಕೆಯಲ್ಲಿವೆ. ‘ಬದಲಾಗುತ್ತಿದೆಯೇ’ ಎಂಬ ಐದನೆಯದನ್ನು ಆಮೇಲೆ ಸೇರಿಸಲಾಯಿತು. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಈ ಐದನೆಯದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಕೆಲವು ಮೆಲನೋಮಗಳು ಚಿಕ್ಕದಾಗಿ, ದುಂಡಗೆ, ಒಂದೇ ಬಣ್ಣದಲ್ಲಿ, ಒಮ್ಮೊಮ್ಮೆ ಕಪ್ಪೇ ಇಲ್ಲದೆ ಬರೀ ಗುಲಾಬಿ ಬಣ್ಣದಲ್ಲಿಯೂ ಇರುತ್ತವೆ. ಅನುಮಾನದ ಮಚ್ಚೆಯ ಪಕ್ಕ ಅಳತೆಪಟ್ಟಿ ಇಟ್ಟು ದಿನಾಂಕದೊಂದಿಗೆ ಫೋಟೊ ತೆಗೆದಿಟ್ಟರೆ ನೆನಪನ್ನು ನಂಬಬೇಕಾಗಿಲ್ಲ.

ಚರ್ಮದ ಬಣ್ಣ ಗಾಢವಾಗಿರುವವರಿಗೆ ಈ ಕಾಯಿಲೆ ಬರುವುದು ಕಡಿಮೆ ಎಂಬುದು ನಿಜ, ಬರುವುದೇ ಇಲ್ಲ ಎಂಬುದು ಸುಳ್ಳು. ಅವರಲ್ಲಿ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ ಮತ್ತು ಉಗುರಿನ ಕೆಳಗೆ, ಅಂದರೆ ಬಿಸಿಲಿಗೂ ಕಣ್ಣಿಗೂ ಬೀಳದ ಜಾಗಗಳಲ್ಲಿ ಬರುತ್ತದೆ. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿಯಲ್ಲಿ 1977ರಲ್ಲಿ ಪತ್ತೆಯಾದದ್ದು ಇದೇ ಬಗೆಯ ಮೆಲನೋಮ. ಬೆರಳನ್ನು ತೆಗೆಸಲು ಅವರು ಒಪ್ಪಲಿಲ್ಲ. ಅದು ಮೆದುಳಿನವರೆಗೂ ಹರಡಿ, 1981ರ ಮೇ ತಿಂಗಳಿನಲ್ಲಿ ತಮ್ಮ 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಉಗುರಿನ ಕೆಳಗಿನ ಕಪ್ಪು ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವೋ ಅಲ್ಲವೋ ಎಂಬುದಕ್ಕೆ ಒಂದು ಸರಳ ಪರೀಕ್ಷೆಯಿದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಪೆಟ್ಟಿನ ರಕ್ತವಾದರೆ ಉಗುರಿನೊಂದಿಗೆ ತುದಿಯ ಕಡೆಗೆ ಸರಿಯುತ್ತದೆ, ಬುಡದಲ್ಲಿ ಶುಭ್ರವಾದ ಉಗುರು ಕಾಣಿಸಿಕೊಳ್ಳುತ್ತದೆ. ಕಪ್ಪು ಪಟ್ಟೆ ಬುಡದಿಂದ ತುದಿಯವರೆಗೆ ಹಾಗೆಯೇ ನಿಂತಿದ್ದರೆ, ಅಗಲವಾಗುತ್ತಿದ್ದರೆ, ಅಥವಾ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದ್ದರೆ, ಮುಂದಿನ ತಿಂಗಳ ಫೋಟೊಗೆ ಕಾಯುವುದು ತಪ್ಪು. ಮಾಯದ ಗಾಯದ ವಿಷಯದಲ್ಲಿಯೂ ಗಡುವು ದೊಡ್ಡದೇನಲ್ಲ: ನಾಲ್ಕು ವಾರ ದಾಟಿದ ಹುಣ್ಣನ್ನು ವೈದ್ಯರು ನೋಡಲೇಬೇಕು.

ಹಂತ 4: ಸುಡಬೇಡಿ, ಕೀಳಬೇಡಿ

ಮಚ್ಚೆಗೆ ದಾರ ಬಿಗಿಯುವುದು, ಆಮ್ಲ ಹಚ್ಚುವುದು, ‘ಕಪ್ಪು ಮುಲಾಮು’ ಎಂದು ಮಾರುವ ಸುಡುವ ಲೇಪಗಳನ್ನು ಬಳಿಯುವುದು, ಇವೆಲ್ಲ ಮೇಲಿನ ಭಾಗವನ್ನಷ್ಟೇ ನಾಶಮಾಡಿ ಬೇರನ್ನು ಕಲೆಯ ಕೆಳಗೆ ಹೂತಿಡುತ್ತವೆ. ಹೊರಗೆ ಚರ್ಮ ಮಾಯ್ದಿರುತ್ತದೆ, ಒಳಗೆ ಕ್ಯಾನ್ಸರ್ ಬೆಳೆಯುತ್ತಿರುತ್ತದೆ. ಆಳವನ್ನು ಅಳೆಯಲು ಬೇಕಾದ ಅಂಗಾಂಶವೂ ಸುಟ್ಟುಹೋಗಿರುತ್ತದೆ. ಪರೀಕ್ಷೆಗೆ ಕಳಿಸದೆ ಲೇಸರಿನಲ್ಲಿ ಮಚ್ಚೆ ತೆಗೆಸಿಕೊಳ್ಳುವುದರಲ್ಲಿಯೂ ಇದೇ ತೊಂದರೆಯಿದೆ.

ಹಂತ 5: ಬಯಾಪ್ಸಿಗೆ ಹೆದರಿ ಮುಂದೂಡಬೇಡಿ

ಚರ್ಮರೋಗ ತಜ್ಞರು ಮೊದಲು ಡರ್ಮೋಸ್ಕೋಪ್ ಎಂಬ ಬೆಳಕುಳ್ಳ ಭೂತಗನ್ನಡಿಯಿಂದ ನೋಡುತ್ತಾರೆ. ಅನುಮಾನ ಉಳಿದರೆ ಬಯಾಪ್ಸಿ: ಆ ಜಾಗವನ್ನಷ್ಟೇ ಮರಗಟ್ಟಿಸಿ, ಮೆಲನೋಮದ ಶಂಕೆಯಿದ್ದಲ್ಲಿ ಸಾಧ್ಯವಾದಷ್ಟೂ ಇಡೀ ಮಚ್ಚೆಯನ್ನೇ ತೆಳುವಾದ ಅಂಚಿನೊಂದಿಗೆ ತೆಗೆದು, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ನಡೆದುಕೊಂಡೇ ಹೋಗುತ್ತಾರೆ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಬಹಳ ಹಳೆಯದು, ಬಹಳ ಮೊಂಡು ಕೂಡ. ಬಯಾಪ್ಸಿ ಮಾಡಿಸಿಕೊಂಡದ್ದರಿಂದ ಚರ್ಮದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಹೆದರಿಕೆಯಿಂದ ಕಳೆದ ತಿಂಗಳುಗಳಲ್ಲಿ ಅದು ತಾನಾಗಿಯೇ ಆಳಕ್ಕೆ ಇಳಿದಿರುವುದು ಮಾತ್ರ ಸಾಧ್ಯ. ವೈದ್ಯರಿಗೆ ಹೇಳಬೇಕಾದ ಸಂಗತಿಗಳು ಮೂರು: ಯಾವಾಗಿನಿಂದ ಇದೆ, ಏನು ಬದಲಾಗಿದೆ, ಯಾವ ಔಷಧಿ ಸೇವಿಸುತ್ತಿದ್ದೀರಿ. ತೆಗೆದಿಟ್ಟ ಫೋಟೊಗಳನ್ನು ಇಲ್ಲಿ ತೋರಿಸಿ.

ಹಂತ 6: ವರದಿ ಬಂದ ಮೇಲೆ ಸರಿಯಾದ ಪ್ರಶ್ನೆ ಕೇಳಿ

ಮೆಲನೋಮವಾದರೆ ದಪ್ಪ ಎಷ್ಟು, ಮೇಲ್ಪದರ ಒಡೆದಿದೆಯೇ ಎಂದು ಕೇಳಿ; ಉಳಿದವಾದರೆ ಅಂಚು ಪೂರ್ತಿ ಸ್ವಚ್ಛವಾಗಿದೆಯೇ (ಅಂದರೆ ತೆಗೆದ ತುಂಡಿನ ಅಂಚಿನವರೆಗೆ ಕ್ಯಾನ್ಸರ್ ಕೋಶಗಳು ಇಲ್ಲವೇ), ನರಕ್ಕೆ ತಾಗಿದೆಯೇ ಎಂದು ಕೇಳಿ. ಮುಂದಿನ ಶಸ್ತ್ರಚಿಕಿತ್ಸೆಯ ಗಾತ್ರ ಇದರ ಮೇಲೆ ನಿಂತಿದೆ. 1 ಮಿಲಿಮೀಟರ್ ಮೀರದ ಮೆಲನೋಮಕ್ಕೆ ಸುತ್ತಲೂ 1 ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನು ತೆಗೆದರೆ ಸಾಮಾನ್ಯವಾಗಿ ಸಾಕು, 2 ಮಿಲಿಮೀಟರ್ ಮೀರಿದ್ದಕ್ಕೆ 2 ಸೆಂಟಿಮೀಟರ್ ಬೇಕು, ಜೊತೆಗೆ ಹತ್ತಿರದ ದುಗ್ಧಗ್ರಂಥಿಯ ಪರೀಕ್ಷೆಯೂ ಬೇಕಾಗಬಹುದು. ಮುಖದ ಬೇಸಲ್ ಸೆಲ್ ಕ್ಯಾನ್ಸರಿಗೆ ಪದರ ಪದರವಾಗಿ ಕತ್ತರಿಸಿ, ಪ್ರತಿ ಪದರವನ್ನೂ ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋಗುವ ಮೋಸ್ ಶಸ್ತ್ರಚಿಕಿತ್ಸೆಯಿದೆ. ಒಳ್ಳೆಯ ಚರ್ಮವನ್ನು ಅದು ಆದಷ್ಟೂ ಉಳಿಸುತ್ತದೆ.

ಈಗಾಗಲೇ ತಡವಾಗಿದ್ದರೆ? ಆಗಲೂ ಹೋಗಬೇಕು. ಹರಡಿದ ಮೆಲನೋಮಕ್ಕೆ 2011ರಿಂದೀಚೆಗೆ ಬಂದ ಇಮ್ಯೂನೋಥೆರಪಿ ಔಷಧಿಗಳು, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಔಷಧಿಗಳು, ಒಂದು ವರ್ಷವೂ ಭರವಸೆಯಿಲ್ಲದಿದ್ದ ಕಾಯಿಲೆಯಲ್ಲಿ ಹಲವರಿಗೆ ಅನೇಕ ವರ್ಷಗಳನ್ನು ಕೊಟ್ಟಿವೆ. ಗುಣವಾಗದ ಹಂತದಲ್ಲಿಯೂ ರಕ್ತ ಸೋರುವ, ಕೀವು ತುಂಬಿ ನಾರುವ ಹುಣ್ಣನ್ನು ವಿಕಿರಣ ಚಿಕಿತ್ಸೆಯಿಂದ ಶಮನ ಮಾಡಬಹುದು. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ: ತೀರಾ ವಯಸ್ಸಾಗಿ ಬೇರೆ ಕಾಯಿಲೆಗಳಿಂದ ಬಳಲುತ್ತಿರುವವರಲ್ಲಿ ನಿಧಾನವಾಗಿ ಬೆಳೆಯುವ ಚಿಕ್ಕ ಬೇಸಲ್ ಸೆಲ್ ಕ್ಯಾನ್ಸರನ್ನು ಕತ್ತರಿಸದೆ ಗಮನಿಸುತ್ತಿರೋಣ ಎಂದು ವೈದ್ಯರೇ ಹೇಳಬಹುದು. ಅದು ಬಗೆ ಮತ್ತು ಆಳ ತಿಳಿದ ಮೇಲೆ ತೆಗೆದುಕೊಂಡ ತೀರ್ಮಾನವಾದ್ದರಿಂದ ಅದನ್ನು ಉದಾಸೀನದೊಂದಿಗೆ ಸೇರಿಸಬಾರದು.

ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರಿಗೆ ಇನ್ನೊಂದು ಬರುವ ಸಂಭವ ಉಳಿದವರಿಗಿಂತ ಹೆಚ್ಚಿರುವುದರಿಂದ ಹೊಲಿಗೆ ಬಿಚ್ಚಿದ ಮೇಲೂ ತಪಾಸಣೆ ನಡೆಯುತ್ತಲೇ ಇರುತ್ತದೆ. ಎರಡು ತಪಾಸಣೆಗಳ ನಡುವೆ ಗಾಯದ ಗೆರೆಯನ್ನೂ, ಕುತ್ತಿಗೆ, ಕಂಕುಳು, ತೊಡೆಸಂದುಗಳನ್ನೂ ತಿಂಗಳಿಗೊಮ್ಮೆ ಬೆರಳ ತುದಿಯಿಂದ ಮುಟ್ಟಿ ನೋಡಿಕೊಳ್ಳಬೇಕು. ಗಟ್ಟಿಯಾದ, ನೋವಿಲ್ಲದ, ಎರಡು ಮೂರು ವಾರವಾದರೂ ಕರಗದ ಗಂಟು ಸಿಕ್ಕರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು.